ಆಸ್ತಿಯುಂಟು, ಕೈಯಲ್ಲಿ ಕಾಸಿಲ್ಲ!

ಗದಗದಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಎಂಬ ಊರು ಸಿಗುತ್ತದೆ. ಚಳಿಗಾಲದ ಬೆಳಗಿನ ಹೊತ್ತಿನಲ್ಲಿ ಆ ಊರ ಕೆರೆಯ ಏರಿಯ ಮೇಲೆ ಒಮ್ಮೆ ನಿಂತವರು ಅಲ್ಲಿಯ ನೋಟವನ್ನು ಬೇಗನೆ ಮರೆಯಲಾರರು. ಹಿಮಾಲಯವನ್ನು ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇದು, ಹಿಂಡು ಹಿಂಡಾಗಿ ಮರಳಿ, ಕೂಗುತ್ತ ನೀರಿನ ಮೇಲೆ ಇಳಿಯುತ್ತವೆ. ಮಳೆಯ ನೀರನ್ನು ಕೂಡಿಟ್ಟು ಬೇಸಾಯಕ್ಕೆ ಒದಗಿಸುವುದಕ್ಕೆಂದು ಮನುಷ್ಯರು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆ ಸುಮಾರು 8,000 ಹೆಬ್ಬಾತುಗಳ ಚಳಿಗಾಲದ ಬೀಡಾಗಿ ಹೆಸರು ಪಡೆದಿದೆ. 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆತು, ಜಗತ್ತಿನ ಹೆಸರಾಂತ ಜಲನೆಲೆಗಳ ಸಾಲಿಗೆ ಅದು ಸೇರಿತು.

ಆದರೆ ನಾನೀಗ ಹೇಳಹೊರಟಿರುವುದು ಹಕ್ಕಿಗಳ ಕಥೆಯನ್ನಲ್ಲ. ಅದೇ ಏರಿಯ ಮೇಲೆ ನಿಂತು ನನ್ನ ಕಾಕಾ ಆಡಿದ ಒಂದು ಮಾತು, ಕನ್ನಡ ಎಂ.ಎ. ಓದಿ ಕಾಲೇಜಿನಲ್ಲಿ ಛಂದಸ್ಸು-ವ್ಯಾಕರಣಗಳನ್ನು ಪಾಠ ಹೇಳಿಕೊಂಡಿದ್ದ ನನ್ನನ್ನು ಕಂಪೆನಿಗಳ ಅಢಾವೆ ಪತ್ರಿಕೆಗಳ ಕಡೆಗೆ ಎಳೆದೊಯ್ದಿತು. ಆ ಕಥೆಯನ್ನು ಹೇಳಬೇಕಾಗಿದೆ.

ಕಾಕಾನ ಹತ್ತಿ

ಕಾಕಾ ಮಾಗಡಿಯ ಒಕ್ಕಲಿಗರು. ಕೆಲವು ವರ್ಷಗಳ ಹಿಂದೆ ಅವರು ಪುಷ್ಯಮಾಸದಲ್ಲಿ ಬಂದ ಹತ್ತಿಯನ್ನು ಮಾರುಕಟ್ಟೆ ಸಮಿತಿಯ ಅಂಗಳಕ್ಕೆ ಒಯ್ಯದೆ, ನೇರವಾಗಿ ಒಂದು ಹತ್ತಿ ಗಿರಣಿಗೆ ಹಾಕಿದರು. ಗಿರಣಿಯ ಹೆಸರು ಇಲ್ಲಿ ಬೇಡ. ಕ್ವಿಂಟಲಿಗೆ ಪೇಟೆಯ ದರಕ್ಕಿಂತ ತುಸು ಹೆಚ್ಚು ಕೊಡುವೆವೆಂದೂ, ಹಣವನ್ನು ಮಾತ್ರ ಯುಗಾದಿಗೆ ಕೊಡುವೆವೆಂದೂ ಮಾತಾಗಿತ್ತು. ವೈಶಾಖದಲ್ಲಿ ಮಗಳ ಮದುವೆ. ಯುಗಾದಿಗೆ ಹಣ ಕೈಗೆ ಬಂದರೆ ಸಕಾಲವಾಯಿತು. ಗಿರಣಿಯ ವಿಷಯದಲ್ಲಿ ಸಂಶಯ ಪಡುವುದಕ್ಕೂ ಕಾರಣವಿರಲಿಲ್ಲ. ರಸ್ತೆಗೆ ಹೊಂದಿದ ಎರಡು ಎಕರೆ ಜಾಗ, ಹೊಸ ಯಂತ್ರಗಳು, ಸೂರಿನವರೆಗೆ ಒಟ್ಟಿದ ಅರಳೆಯ ಬೇಲುಗಳು, ಬಾಗಿಲಲ್ಲಿ ಸ್ವಂತದ ಲಾರಿಗಳು.

"ಅಷ್ಟು ಆಸ್ತಿ ಐತಿ ತಮ್ಮಾ, ರೊಕ್ಕಕ್ಕೇನು ಕಡಿಮಿ?" ಎಂದು ಕಾಕಾ ನನಗೆ ಸಮಾಧಾನ ಹೇಳಿದ್ದರು. ನಾನೂ ತಲೆದೂಗಿದ್ದೆ.

ಯುಗಾದಿ ಬಂತು, ಹಣ ಬರಲಿಲ್ಲ. ಅರಳೆಯ ದರ ಇಳಿದಿದೆ, ಈಗ ಮಾರಿದರೆ ನಷ್ಟ, ಇನ್ನು ಹದಿನೈದು ದಿನ ತಡೆಯಿರಿ ಎಂದರು. ಹದಿನೈದು ದಿನಗಳ ಮೇಲೆ, ನೂಲಿನ ಗಿರಣಿಯಿಂದ ನಮಗೇ ಬಾಕಿ ಬಂದಿಲ್ಲ ಎಂದರು. ಮದುವೆಗೆ ಎಂಟು ದಿನಗಳಿರುವಾಗ ಕಾಕಾ ನನ್ನನ್ನು ಕರೆದುಕೊಂಡು ಮತ್ತೆ ಹೋದರು. ಸಾಹುಕಾರರು ಕೆಟ್ಟವರಲ್ಲ, ಚಹಾ ತರಿಸಿದರು, ನಯವಾಗಿಯೇ ಮಾತಾಡಿದರು.

"ಗೌಡ್ರ, ಯಾಕ ಅಷ್ಟು ಕಾಳಜಿ ಮಾಡ್ತೀರಿ? ನನ್ನ ಆಸ್ತಿ ಎಲ್ಲಿಗೆ ಓಡಿ ಹೋಗ್ತೈತಿ?"

ಕಾಕಾ ಚಹಾದ ಬಟ್ಟಲನ್ನು ಕೆಳಗಿಟ್ಟು ಅಂದರು: "ಅದು ಓಡೂದಿಲ್ಲ ಅನ್ನೂದ ನನ್ನ ಚಿಂತಿ ನೋಡ್ರಿ, ಸಾವಕಾರ್ರ."

ಮದುವೆ ನಿಲ್ಲಲಿಲ್ಲ. ಚಿಕ್ಕಮ್ಮನ ಬಳೆಗಳನ್ನು ಒತ್ತೆಯಿಟ್ಟು, ಉಳಿದುದಕ್ಕೆ ಕೈಗಡ ಮಾಡಿ ಕಾರ್ಯವನ್ನು ಸಾಗಿಸಿದೆವು. ಗಿರಣಿಯ ಹಣ ಕಂತು ಕಂತಾಗಿ, ಹದಿನಾಲ್ಕು ತಿಂಗಳಲ್ಲಿ ಬಂದು ಮುಗಿಯಿತು. ಒಂದು ರೂಪಾಯಿಯೂ ಮುಳುಗಲಿಲ್ಲ. ಆದರೆ ಬಡ್ಡಿ ಕಟ್ಟಿದವರು ಕಾಕಾ. 'ಸಮಯಕ್ಕಾಗದ ಅರ್ಥ ಸಾವಿರವಿದ್ದರೂ ವ್ಯರ್ಥ' ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದ ನನಗೆ ಅದರ ಅರ್ಥ ತಿಳಿದದ್ದು ಆ ವರ್ಷ.

ಅದಾದ ಮೇಲೆ ಒಂದು ದಿನ ಇಬ್ಬರೂ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಬೇಸಗೆ; ನೀರು ತಳ ಹಿಡಿದಿತ್ತು. ಕಾಕಾ ತೂಬನ್ನು ತೋರಿಸಿ ಹೇಳಿದರು: "ಕೆರ್ಯಾಗ ನೀರು ಕಾಣಸ್ತೈತಿ, ಖರೆ. ಆದರ ತೂಬಿನ ಕೆಳಗಿನ ನೀರು ಹೊಲಕ್ಕ ಹಾಯೂದಿಲ್ಲ. ಆ ಗಿರಣಿ ಆಸ್ತೀನೂ ಹಂಗ."

ಓಡುವ ಧನ, ಕೂತ ಧನ

ಸಂಸ್ಕೃತದಲ್ಲಿ 'ದ್ರು' ಎಂಬ ಧಾತುವಿಗೆ ಓಡು, ಹರಿ ಎಂಬ ಅರ್ಥ. 'ದ್ರವ' ಎಂಬ ಮಾತು ಅದರಿಂದ ಬಂದುದು; 'ದ್ರವ್ಯ'ವನ್ನೂ ಅದೇ ಧಾತುವಿಗೆ ಜೋಡಿಸಿ ಹೇಳುವ ಪರಂಪರೆ ಉಂಟು. ಓಡುವುದೇ ದ್ರವ್ಯ ಎಂಬ ಈ ಕಲ್ಪನೆ ವ್ಯಾಪಾರಿಯ ಲೆಕ್ಕಕ್ಕೂ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಲೆಕ್ಕಶಾಸ್ತ್ರದವರು ಇದಕ್ಕೆ 'ದ್ರವತ್ವ' ಎಂದು ಹೆಸರಿಟ್ಟಿದ್ದಾರೆ. ಒಂದು ಸಂಸ್ಥೆಯ ಆಸ್ತಿ ಎಷ್ಟು ಬೇಗ, ಎಷ್ಟು ಕಡಿಮೆ ನಷ್ಟದಲ್ಲಿ ನಗದಾಗಿ ಹರಿದು ಬರಬಲ್ಲದು ಎಂಬುದೇ ಅದರ ದ್ರವತ್ವ. ಆ ಹರಿವು ಹತ್ತಿರದ ಸಾಲಗಳನ್ನು ತೀರಿಸುವುದಕ್ಕೆ ಸಾಕೆ ಎಂಬುದನ್ನು ಅಳೆಯುವ ಭಾಗಾಕಾರಗಳು 'ದ್ರವತ್ವ ಅನುಪಾತಗಳು'. ಅನುಪಾತವೆಂದರೆ ಬೆದರಬೇಕಾಗಿಲ್ಲ, ಒಂದು ಅಂಕಿಯನ್ನು ಇನ್ನೊಂದರಿಂದ ಭಾಗಿಸಲು ಬಂದರೆ ಸಾಕು.

ಕಂಪೆನಿಯ ಅಢಾವೆ ಪತ್ರಿಕೆಯಲ್ಲಿ ಆಸ್ತಿಯನ್ನು ಎರಡು ಗುಂಪಾಗಿ ಬರೆದಿರುತ್ತಾರೆ. ಭೂಮಿ, ಕಟ್ಟಡ, ಯಂತ್ರಗಳಂಥವು ಬಹುಕಾಲ ನಿಲ್ಲತಕ್ಕವು. ನಗದು, ಬ್ಯಾಂಕಿನಲ್ಲಿರುವ ಹಣ, ಗಿರಾಕಿಗಳಿಂದ ಬರಬೇಕಾದ ಬಾಕಿ, ಮಾರಾಟಕ್ಕಿರುವ ದಾಸ್ತಾನು ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳೊಳಗೆ ನಗದಾಗತಕ್ಕವು. ಇವು ಚಾಲ್ತಿ ಆಸ್ತಿ. ಅದೇ ರೀತಿ ಹನ್ನೆರಡು ತಿಂಗಳೊಳಗೆ ತೀರಿಸಲೇಬೇಕಾದ ಸಾಲ, ಬಾಕಿ, ತೆರಿಗೆ, ಸಂಬಳ ಇವು ಚಾಲ್ತಿ ಹೊಣೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು 'ಚಾಲ್ತಿ ಅನುಪಾತ'.

ಒಂದು ಉದಾಹರಣೆಯನ್ನು ನೋಡೋಣ. ಈ ಅಂಕಿಗಳು ಕಾಕಾನ ಸಾಹುಕಾರರವಲ್ಲ. ತಿಳಿಯುವುದಕ್ಕಾಗಿ ನಾನೇ ಜೋಡಿಸಿದವು. ಒಂದು ಹತ್ತಿ ಗಿರಣಿಗೆ ಮಾರ್ಚ್ 31ರಂದು ಭೂಮಿ, ಕಟ್ಟಡ, ಯಂತ್ರಗಳೆಂದು 200 ಲಕ್ಷ ರೂಪಾಯಿಯ ಆಸ್ತಿ ಇದೆ. ನಗದು ಮತ್ತು ಬ್ಯಾಂಕಿನಲ್ಲಿ 5 ಲಕ್ಷ. ನೂಲಿನ ಗಿರಣಿಗಳಿಂದ ಬರಬೇಕಾದುದು 45 ಲಕ್ಷ. ಹತ್ತಿ, ಅರಳೆ, ಹತ್ತಿಕಾಳುಗಳ ದಾಸ್ತಾನು 110 ಲಕ್ಷ. ಒಟ್ಟು ಚಾಲ್ತಿ ಆಸ್ತಿ 160 ಲಕ್ಷ. ಇತ್ತ ಬ್ಯಾಂಕಿನ ಅಲ್ಪಾವಧಿ ಸಾಲ 50 ಲಕ್ಷ. ರೈತರಿಗೆ ಕೊಡಬೇಕಾದುದು 40 ಲಕ್ಷ. ಇತರ ಬಾಕಿ 10 ಲಕ್ಷ. ಒಟ್ಟು ಚಾಲ್ತಿ ಹೊಣೆ 100 ಲಕ್ಷ.

ಚಾಲ್ತಿ ಅನುಪಾತ 160 ಭಾಗಿಸು 100, ಅಂದರೆ 1.6. ಕೊಡಬೇಕಾದ ಪ್ರತಿಯೊಂದು ರೂಪಾಯಿಗೂ ಒಂದು ರೂಪಾಯಿ ಅರವತ್ತು ಪೈಸೆಯ ಚಾಲ್ತಿ ಆಸ್ತಿ ಇದೆ. ಕೇಳುವುದಕ್ಕೆ ಹಿತವಾಗಿಯೇ ಇದೆ.

ಈ ಅನುಪಾತ ಎಷ್ಟಿರಬೇಕು? ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಬ್ಯಾಂಕುಗಳವರು ಸಾಲ ಕೇಳಿ ಬಂದವರ ಲೆಕ್ಕಪತ್ರಗಳನ್ನು ಈ ಬಗೆಯಾಗಿ ನೋಡತೊಡಗಿದರು; 'ಒಂದಕ್ಕೆ ಎರಡು' ಇದ್ದರೆ ನಿಶ್ಚಿಂತೆ ಎಂಬ ರೂಢಿ ಅವರಿಂದ ಬೆಳೆದು ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ದಾಸ್ತಾನು, ಬಾಕಿಗಳ ಬೆಲೆ ಅರ್ಧಕ್ಕೆ ಇಳಿದರೂ ಸಾಲ ತೀರಬೇಕೆಂಬುದು ಅದರ ಹಿಂದಿನ ತರ್ಕ. ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕು 1974ರಲ್ಲಿ ನೇಮಿಸಿದ ಟಂಡನ್ ಸಮಿತಿ ಬೇರೊಂದು ದಾರಿಯನ್ನು ತೋರಿಸಿತು. ಸಮಿತಿ ಹೇಳಿದ ಎರಡನೆಯ ವಿಧಾನದಂತೆ, ಚಾಲ್ತಿ ಆಸ್ತಿಯನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲಿಗಾದರೂ ಉದ್ಯಮಿಯ ಸ್ವಂತ ಬಂಡವಾಳ ಅಥವಾ ದೀರ್ಘಾವಧಿಯ ಹಣ ಒದಗಬೇಕು. ಉಳಿದ ಮೂರು ಪಾಲು ಮಾತ್ರ ಅಲ್ಪಾವಧಿಯ ಸಾಲದಿಂದ ಬರಬಹುದು. ನಾಲ್ಕನ್ನು ಮೂರರಿಂದ ಭಾಗಿಸಿದರೆ 1.33. ನಮ್ಮ ಬ್ಯಾಂಕುಗಳ ಮೇಜಿನ ಮೇಲೆ ಬಹುಕಾಲ ಆಳಿದ ಅಂಕಿ ಇದು.

ನಮ್ಮ ಗಿರಣಿಯ 1.6 ಇದಕ್ಕಿಂತ ಮೇಲಿದೆ. ಆದರೆ ಅರಳೆಯ ದರ ನೂರಕ್ಕೆ 25ರಷ್ಟು ಇಳಿಯಿತೆನ್ನಿ. 110 ಲಕ್ಷದ ದಾಸ್ತಾನು 82.5 ಲಕ್ಷವಾಗುತ್ತದೆ, ಚಾಲ್ತಿ ಆಸ್ತಿ 132.5 ಲಕ್ಷಕ್ಕೆ ಇಳಿಯುತ್ತದೆ, ಅನುಪಾತ 1.33ಕ್ಕೂ ತುಸು ಕೆಳಗೆ ಜಾರುತ್ತದೆ. ಹೊಣೆ ಮಾತ್ರ ನೂರು ಲಕ್ಷವಾಗಿಯೇ ನಿಂತಿರುತ್ತದೆ. ಪೇಟೆಯ ದರ ಇಳಿಯಿತೆಂದು ಸಾಲ ತಾನಾಗಿ ಇಳಿಯುವುದಿಲ್ಲವಷ್ಟೆ.

ಅಕ್ಕಸಾಲಿಗನ ಪರೀಕ್ಷೆ

ಆದುದರಿಂದ ಇನ್ನೂ ಕಟುವಾದ ಒಂದು ಪರೀಕ್ಷೆ ಬೇಕಾಯಿತು. ಚಿನ್ನವೋ ಅಲ್ಲವೋ ಎಂಬ ಸಂಶಯ ಬಂದಾಗ ಅಕ್ಕಸಾಲಿಗನು ಒರೆಗಲ್ಲಿಗೆ ತಿಕ್ಕಿ, ಆ ಗೀಟಿನ ಮೇಲೆ ನೈಟ್ರಿಕ್ ಆಮ್ಲದ ಹನಿಯನ್ನು ಬಿಡುತ್ತಾನೆ. ತಾಮ್ರ, ಹಿತ್ತಾಳೆಗಳು ಕರಗುತ್ತವೆ, ಚಿನ್ನ ಉಳಿಯುತ್ತದೆ. ಲೆಕ್ಕಶಾಸ್ತ್ರದಲ್ಲಿ 'ಆಮ್ಲ ಪರೀಕ್ಷೆ' ಎಂಬ ಹೆಸರು ಬಂದುದು ಇದರಿಂದ. ಚಾಲ್ತಿ ಆಸ್ತಿಯಿಂದ ದಾಸ್ತಾನನ್ನು ಕಳೆದು, ಉಳಿದುದನ್ನು ಹೊಣೆಯಿಂದ ಭಾಗಿಸಬೇಕು. ಇದಕ್ಕೆ 'ತ್ವರಿತ ಅನುಪಾತ' ಎಂದೂ ಹೆಸರುಂಟು. ಸಾಮಾನ್ಯವಾಗಿ ಇದು ಒಂದರ ಹತ್ತಿರವಿದ್ದರೆ ಲೇಸೆನ್ನುತ್ತಾರೆ.

ನಮ್ಮ ಗಿರಣಿಯ ಲೆಕ್ಕದಲ್ಲಿ ಉಳಿಯುವುದು ನಗದು 5, ಬಾಕಿ 45, ಕೂಡಿ 50 ಲಕ್ಷ. ಹೊಣೆ 100 ಲಕ್ಷ. ಅನುಪಾತ 0.5. ಸೂರಿನವರೆಗೆ ಒಟ್ಟಿದ ಬೇಲುಗಳು ಮಾರಾಟವಾಗದ ಹೊರತು ಕೊಡಬೇಕಾದ ರೂಪಾಯಿಗೆ ಎಂಟಾಣೆ ಮಾತ್ರ ಗತಿ! ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೈಯಲ್ಲಿರುವ ನಗದನ್ನು ಮಾತ್ರ ಹಿಡಿದರೆ ಅದು 'ನಗದು ಅನುಪಾತ'. ಇಲ್ಲಿ ಅದು 0.05, ರೂಪಾಯಿಗೆ ಐದು ಪೈಸೆ.

ಒಂದೇ ಗಿರಣಿ, ಒಂದೇ ದಿನ. 1.6, 0.5, 0.05 ಎಂಬ ಮೂರು ಅಂಕಿಗಳು. ಕಾಕಾ ನೋಡಿದ್ದು ಇವು ಮೂರನ್ನೂ ಅಲ್ಲ. 200 ಲಕ್ಷದ ಕಟ್ಟಡವನ್ನು. ಕೆರೆಯ ವಿಸ್ತಾರವನ್ನು ಕಂಡರು, ತೂಬಿನ ಮಟ್ಟವನ್ನು ಕಾಣಲಿಲ್ಲ.

ಹಣಕ್ಕೆ ಎಷ್ಟು ದಿನದ ದಾರಿ?

ಅನುಪಾತಗಳು ಒಂದು ದಿನದ ಚಿತ್ರವನ್ನಷ್ಟೆ ಕೊಡುತ್ತವೆ. ಹಣ ಎಷ್ಟು ದಿನಗಳಲ್ಲಿ ತಿರುಗಿ ಬರುತ್ತದೆಂಬುದನ್ನು ಹೇಳುವುದಿಲ್ಲ. ಅದಕ್ಕೂ ಸುಲಭವಾದ ಲೆಕ್ಕವೊಂದಿದೆ. ನಮ್ಮ ಗಿರಣಿಯ ವರ್ಷದ ಮಾರಾಟ 365 ಲಕ್ಷವೆನ್ನೋಣ. ದಿನಕ್ಕೆ ಒಂದು ಲಕ್ಷವಾಯಿತು. ಬರಬೇಕಾದ ಬಾಕಿ 45 ಲಕ್ಷವೆಂದರೆ 45 ದಿನಗಳ ಮಾರಾಟದ ಹಣ ಹೊರಗಿದೆ ಎಂದರ್ಥ. ದಾಸ್ತಾನು ಕರಗುವುದಕ್ಕೆ ಕಡಿಮೆಯೆಂದರೂ 110 ದಿನ. ಎರಡೂ ಕೂಡಿ, ಹತ್ತಿಯಲ್ಲಿ ಹಾಕಿದ ಹಣ ನಗದಾಗಿ ಮರಳುವುದಕ್ಕೆ ಸುಮಾರು 155 ದಿನಗಳು ಬೇಕು. ರೈತರಿಗೆ ಕೊಟ್ಟ ವಾಯಿದೆ ಎಷ್ಟು? 60 ದಿನ ಎಂದಿಟ್ಟುಕೊಳ್ಳಿ. ನಡುವಿನ 95 ದಿನಗಳನ್ನು ಯಾರು ದಾಟಿಸಬೇಕು? ಬ್ಯಾಂಕು ದಾಟಿಸಬೇಕು, ಬ್ಯಾಂಕು ಕೈಯೆತ್ತಿದರೆ ರೈತನೇ ದಾಟಿಸಬೇಕು. ಬೇರೆ ಮಾತಿನಲ್ಲಿ, ಆ 95 ದಿನಗಳ ಮಟ್ಟಿಗೆ ನನ್ನ ಕಾಕಾನಂಥವರು ಬಡ್ಡಿಯಿಲ್ಲದ ಸಾಹುಕಾರರಾಗುತ್ತಾರೆ, ತಮಗೇ ತಿಳಿಯದಂತೆ!

ಹಣದ ಮೊತ್ತಕ್ಕಿಂತ ಅದರ ಹೊತ್ತು ದೊಡ್ಡದೆಂಬುದನ್ನು ಈ ಸೀಮೆಯವರು ಹೊಸದಾಗಿ ಕಲಿಯಬೇಕಾಗಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿಯೇ ರೈತರ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಹೊಲವಿದ್ದ ರೈತನಿಗೂ ಬಿತ್ತುವ ದಿನ ಕೈಯಲ್ಲಿ ಹಣ ಬೇಕಲ್ಲವೆ? ಭೂಮಿಯುಳ್ಳವನೂ ಹೊತ್ತಿಗೆ ಕಾಸಿಲ್ಲದೆ ಬಡ್ಡಿಯ ಬಾಯಿಗೆ ಬೀಳುತ್ತಿದ್ದ ಕಾಲದಲ್ಲಿ, ಅಂಥ ಸಂಘಗಳು ತೂಬಿನ ಕೆಲಸವನ್ನು ಮಾಡಿದವು.

ದೊಡ್ಡವರ ಕಥೆ

ಹತ್ತಿ ಗಿರಣಿಯಲ್ಲಿ ನಡೆದುದು ಆಕಾಶದಲ್ಲಿಯೂ ನಡೆಯುತ್ತದೆ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪೆನಿ 2005ರ ಮೇ ತಿಂಗಳಲ್ಲಿ ಹಾರಾಟವನ್ನು ಆರಂಭಿಸಿತು. ಅದರ ಬೆಡಗನ್ನು ಕಂಡು ಬೆರಗಾಗದವರಿಲ್ಲ. ಕೆಲವೇ ವರ್ಷಗಳಲ್ಲಿ ಇಂಧನದ ಬಾಕಿ, ವಿಮಾನ ನಿಲ್ದಾಣಗಳ ಬಾಕಿ, ತೆರಿಗೆಯ ಬಾಕಿಗಳು ಬೆಳೆದವು. ತೈಲ ಕಂಪೆನಿಗಳು ನಗದು ಕೊಟ್ಟರೆ ಮಾತ್ರ ಇಂಧನವೆಂದವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ನಿಂತಿತು. 2012ರ ಅಕ್ಟೋಬರಿನಲ್ಲಿ ಹಾರಾಟವೂ ನಿಂತಿತು, ಪರವಾನಗಿ ಅಮಾನತಾಯಿತು.

ಈ ಕಂಪೆನಿಯ ರೋಗ ಬರಿಯ ನಗದಿನ ಅಭಾವವಲ್ಲವೆಂಬುದನ್ನು ಮರೆಯಬಾರದು. ಅದು ಯಾವ ವರ್ಷವೂ ಲಾಭವನ್ನು ಕಂಡದ್ದಿಲ್ಲ. 2011-12ನೆಯ ಒಂದೇ ವರ್ಷದ ನಷ್ಟ 2,328 ಕೋಟಿ ರೂಪಾಯಿ. ಆದರೆ ಸಾಲ ಕೊಟ್ಟ ಬ್ಯಾಂಕುಗಳು ಒತ್ತೆಯಾಗಿ ಹಿಡಿದಿದ್ದ ಆಸ್ತಿಗಳ ಗತಿ ಏನಾಯಿತೆಂಬುದು ನಮ್ಮ ವಿಷಯಕ್ಕೆ ಹೇಳಿಸಿದಂತಿದೆ. ಆ ಒತ್ತೆಯಲ್ಲಿ ಕಂಪೆನಿಯ ಹೆಸರೂ ಲಾಂಛನವೂ ಸೇರಿದ್ದವು. ಒಂದು ಕಾಲದಲ್ಲಿ ನಾಲ್ಕು ಸಾವಿರ ಕೋಟಿಗೂ ಮಿಗಿಲೆಂದು ಬೆಲೆ ಕಟ್ಟಿಸಿಕೊಂಡಿದ್ದ ಆ ಹೆಸರನ್ನು 2016ರ ಏಪ್ರಿಲಿನಲ್ಲಿ 366.70 ಕೋಟಿಯ ಮೂಲಬೆಲೆಗೆ ಹರಾಜಿಗಿಟ್ಟಾಗ ಕೇಳುವವರೇ ಬರಲಿಲ್ಲ. ಮುಂಬಯಿಯ ಕಿಂಗ್‌ಫಿಷರ್ ಹೌಸ್ ಎಂಬ ಕಟ್ಟಡವನ್ನು ಅದೇ ವರ್ಷ ಮಾರ್ಚಿನಲ್ಲಿ 150 ಕೋಟಿಗೆ ಹರಾಜಿಗಿಟ್ಟರು, ಕೊಳ್ಳುವವರಿಲ್ಲ. ಹಲವು ಹರಾಜುಗಳ ಮೇಲೆ, 2021ರಲ್ಲಿ, ಅದು ಮಾರಾಟವಾದದ್ದು ಸುಮಾರು 52 ಕೋಟಿಗೆ. ಕಲ್ಲು-ಸಿಮೆಂಟಿನ ಕಟ್ಟಡವೇ ನಗದಾಗಿ ಕರಗುವುದಕ್ಕೆ ಐದು ವರ್ಷ, ಅದೂ ಮೂರನೆಯ ಒಂದು ಪಾಲಿನ ಆಸುಪಾಸಿನ ಬೆಲೆಗೆ! ಈ ಐದು ವರ್ಷ ಸಂಬಳಕ್ಕಾಗಿ ಕಾದವನು ಏನನ್ನು ಉಣ್ಣಬೇಕು?

ಎರಡನೆಯ ಕಥೆ ಐ.ಎಲ್. ಅಂಡ್ ಎಫ್.ಎಸ್. ಎಂಬ ಹಣಕಾಸು ಸಂಸ್ಥೆಯದು. ರಸ್ತೆ, ಸುರಂಗ, ವಿದ್ಯುದಾಗಾರಗಳಂಥ, ಫಲ ಕೊಡುವುದಕ್ಕೆ ಹತ್ತು-ಇಪ್ಪತ್ತು ವರ್ಷ ಹಿಡಿಯುವ ಕಾರ್ಯಗಳಿಗೆ ಅದು ಹಣ ಹಾಕುತ್ತಿತ್ತು. ಸಾಲವನ್ನು ಮಾತ್ರ ಬಹುಮಟ್ಟಿಗೆ ಬೇಗ ತೀರಿಸಬೇಕಾದ ಪತ್ರಗಳ ಮೇಲೆ ಎತ್ತಿತು. 2018ರ ಆಗಸ್ಟ್-ಸೆಪ್ಟೆಂಬರುಗಳಲ್ಲಿ ವಾಯಿದೆಗಳು ತಪ್ಪತೊಡಗಿದವು. ಕೆಲವೇ ವಾರಗಳ ಹಿಂದೆ ಸಾಲಯೋಗ್ಯತೆಯ ಅತ್ಯುಚ್ಚ ದರ್ಜೆಯನ್ನು ಪಡೆದಿದ್ದ, ಸುಮಾರು 91,000 ಕೋಟಿ ರೂಪಾಯಿ ಸಾಲವಿದ್ದ ಆ ಸಮೂಹದ ಆಡಳಿತ ಮಂಡಲಿಯನ್ನು ಅಕ್ಟೋಬರ್ 1ರಂದು ಸರಕಾರ ಬದಲಿಸಬೇಕಾಯಿತು. ರಸ್ತೆಗಳು ಎಲ್ಲಿಗೂ ಓಡಿಹೋಗಿರಲಿಲ್ಲ. ಅವು ಓಡದಿದ್ದುದೇ ಕಷ್ಟವಾಯಿತು. ಕಾಕಾ ಸಾಹುಕಾರರಿಗೆ ಹೇಳಿದ್ದೂ ಇದನ್ನೇ ಅಲ್ಲವೆ?

ಅಂಕಿಯೂ ಮೋಸ ಮಾಡಬಲ್ಲದು

ಇಷ್ಟು ಓದಿ, ಅನುಪಾತ ಹೆಚ್ಚಿದ್ದರೆ ಕ್ಷೇಮ, ಕಡಿಮೆಯಿದ್ದರೆ ಅಪಾಯ ಎಂದು ವಾಚಕರು ತೀರ್ಮಾನಿಸಿದರೆ ಅದು ಅವಸರದ ತೀರ್ಮಾನವಾದೀತು.

ಗದಗದ ಪೇಟೆಯ ಒಂದು ಖಾನಾವಳಿಯನ್ನು ನೆನೆಯಿರಿ. ಊಟ ಮಾಡಿದವರು ಕೈತೊಳೆದೊಡನೆ ಹಣ ಕೊಡುತ್ತಾರೆ. ಕಿರಾಣಿ ಅಂಗಡಿಯವನಿಗೆ ಖಾನಾವಳಿಯವರು ತಿಂಗಳ ಕೊನೆಗೆ ಕೊಡುತ್ತಾರೆ. ಅವರ ದಾಸ್ತಾನು ಎರಡು ದಿನದ ಜೋಳದ ಹಿಟ್ಟು, ಕಾಯಿಪಲ್ಯ. ಚಾಲ್ತಿ ಅನುಪಾತವನ್ನು ತೆಗೆದರೆ ಒಂದಕ್ಕಿಂತ ಕೆಳಗೆ ಬರಬಹುದು. ಆದರೂ ಬಾಗಿಲು ಮುಚ್ಚುವ ಭಯವಿಲ್ಲ. ಪ್ರತಿದಿನವೂ ನೀರು ಹರಿದು ಬರುತ್ತಿದೆ. ದಿನಬಳಕೆಯ ಸಾಮಾನು ಮಾರುವ ಕೆಲವು ದೊಡ್ಡ ಕಂಪೆನಿಗಳ ರೀತಿಯೂ ಇದೇ.

ಇದಕ್ಕೆ ವಿರುದ್ಧವಾಗಿ, 3 ಎಂಬ ಅನುಪಾತವುಳ್ಳ ಕಂಪೆನಿಯ ಗೋದಾಮಿನಲ್ಲಿ ಯಾರೂ ಉಡದ ಕಾಲದ ಸೀರೆಗಳು ಒಟ್ಟಿರಬಹುದು. ಬಾಕಿಯ ಪಟ್ಟಿಯಲ್ಲಿ ಮೂರು ವರ್ಷದಿಂದ ಮುಖ ತೋರಿಸದ ಗಿರಾಕಿಗಳಿರಬಹುದು. ಇವು ಕೆರೆಯ ಹೂಳು. ಹೂಳು ತುಂಬಿದಷ್ಟೂ ಕೆರೆ ತುಂಬಿದಂತೆ ಕಾಣುವುದೇ ಹೊರತು ನೀರು ಹೆಚ್ಚುವುದಿಲ್ಲ.

ಇನ್ನು ಮಾರ್ಚ್ 31ರ ಶೃಂಗಾರ. ಒಂದು ಕಂಪೆನಿಯ ಚಾಲ್ತಿ ಆಸ್ತಿ 300 ಲಕ್ಷ, ಹೊಣೆ 200 ಲಕ್ಷ, ಅನುಪಾತ 1.5. ಮಾರ್ಚ್ 30ರಂದು ಕೈಯಲ್ಲಿದ್ದ ನಗದಿನಿಂದ 100 ಲಕ್ಷದ ಸಾಲವನ್ನು ತೀರಿಸಿದರೆ ಆಸ್ತಿ 200, ಹೊಣೆ 100 ಲಕ್ಷ, ಅನುಪಾತ 2! ಏಪ್ರಿಲ್ 2ರಂದು ಅದೇ ಸಾಲವನ್ನು ಮತ್ತೆ ಎತ್ತಿದರೆ ಯಾರು ಕೇಳುವವರು? ಹೆಣ್ಣು ನೋಡಲು ಬರುವ ದಿನ ಮಾತ್ರ ನೆರೆಮನೆಯ ಸರವನ್ನು ಹಾಕಿಕೊಂಡಂತೆ. ಆದುದರಿಂದ ಒಂದು ವರ್ಷದ ಅಂಕಿಯನ್ನು ಎಂದೂ ನಂಬಬಾರದು; ಮೂರು ನಾಲ್ಕು ವರ್ಷಗಳದನ್ನು ಒಂದರ ಪಕ್ಕ ಒಂದಿಟ್ಟು, ಅದೇ ಕಸುಬಿನ ಬೇರೆಯವರೊಡನೆ ಹೋಲಿಸಿ ನೋಡಬೇಕು. ಬ್ಯಾಂಕು, ಪತ್ತಿನ ಸಂಘಗಳಿಗಂತೂ ಈ ಅನುಪಾತಗಳನ್ನು ಹಚ್ಚುವಂತಿಲ್ಲ. ಅವುಗಳ ದ್ರವತ್ವವನ್ನು ಅಳೆಯುವ ಕಟ್ಟಳೆಗಳೇ ಬೇರೆ.

ನಾವು ಎಲ್ಲಿ ನೋಡಬೇಕು?

ಈ ಅಂಕಿಗಳೆಲ್ಲ ಸಾಮಾನ್ಯರಿಗೆ ಸಿಗುತ್ತವೆಯೆ ಎಂದು ಕೇಳಬಹುದು. ಪಾಲುದಾರಿಕೆಯ ಅಂಗಡಿಗಳ ಲೆಕ್ಕ ಹೊರಗೆ ಬರುವುದಿಲ್ಲ, ನಿಜ. ಆದರೆ ಕಂಪೆನಿಯೆಂದು ನೋಂದಾಯಿಸಿದ ಸಂಸ್ಥೆ, ಖಾಸಗಿ ಕಂಪೆನಿಯಾಗಿದ್ದರೂ, ತನ್ನ ಅಢಾವೆ ಪತ್ರಿಕೆಯನ್ನು ವರ್ಷವರ್ಷವೂ ಕಂಪೆನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ನಿಗದಿಯಾದ ಶುಲ್ಕ ಕೊಟ್ಟು ಅದನ್ನು ಯಾರಾದರೂ ನೋಡಬಹುದು. 2021ರಿಂದ ಇನ್ನೊಂದು ಅನುಕೂಲವೂ ಆಗಿದೆ. 2013ರ ಕಂಪೆನಿ ಕಾನೂನಿನ ಮೂರನೆಯ ಅನುಸೂಚಿಯ ತಿದ್ದುಪಡಿಯಂತೆ, ಕಂಪೆನಿಗಳು ಹನ್ನೊಂದು ಅನುಪಾತಗಳನ್ನು ತಾವೇ ಲೆಕ್ಕಹಾಕಿ ಟಿಪ್ಪಣಿಯಲ್ಲಿ ಕೊಡಬೇಕು. ಅವುಗಳಲ್ಲಿ ಮೊದಲನೆಯದೇ ಚಾಲ್ತಿ ಅನುಪಾತ. ಹಿಂದಿನ ವರ್ಷಕ್ಕಿಂತ ನೂರಕ್ಕೆ 25ಕ್ಕೂ ಮಿಕ್ಕಿದ ವ್ಯತ್ಯಾಸವಾದರೆ ಕಾರಣವನ್ನೂ ಬರೆಯಬೇಕು. ಬರಬೇಕಾದ ಬಾಕಿಯಲ್ಲಿ ಎಷ್ಟು ಆರು ತಿಂಗಳದು, ಎಷ್ಟು ಮೂರು ವರ್ಷ ಮೀರಿದುದು ಎಂಬ ಪಟ್ಟಿಯೂ ಇರಬೇಕು. ಹೂಳಿನ ಅಳತೆಯನ್ನು ಕಾನೂನೇ ನಮ್ಮ ಕೈಗೆ ಕೊಟ್ಟಂತಾಯಿತು. ಆಮ್ಲ ಪರೀಕ್ಷೆ ಮಾತ್ರ ಆ ಹನ್ನೊಂದರಲ್ಲಿಲ್ಲ. ಅದನ್ನು ಓದುವವರೇ ಮಾಡಿಕೊಳ್ಳಬೇಕು.

ಬೆಟಗೇರಿಯ ಸಣ್ಣ ನೇಕಾರನಂಥವರು ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡಿದ್ದರೆ ಅವರಿಗೆ ಇನ್ನೊಂದು ರಕ್ಷಣೆಯೂ ಉಂಟು. ಸಣ್ಣ ಉದ್ಯಮಗಳ 2006ರ ಕಾನೂನಿನಂತೆ, ಅವರಿಂದ ಮಾಲು ಕೊಂಡವರು ಬರಹದ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಹೊಲದ ಹತ್ತಿಯನ್ನು ಬಾಯಿಮಾತಿನ ಮೇಲೆ ಹಾಕಿಬಂದ ಕಾಕಾನಿಗೆ ಈ ಆಸರೆಯೂ ಇರಲಿಲ್ಲ.

ಮತ್ತೆ ಏರಿಯ ಮೇಲೆ

ಮುಂದಿನ ವರ್ಷ ಹತ್ತಿ ಬಂದಾಗ ಮತ್ತೊಂದು ಗಿರಣಿಯವರು ಕಾಕಾನನ್ನು ಹುಡುಕಿಕೊಂಡು ಬಂದರು. ಅದೂ ಕಂಪೆನಿಯೇ. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚು. ಹಣ ಎರಡು ತಿಂಗಳಿಗೆ. ಕಾಕಾ ಆಗಲಿ ಎನ್ನಲಿಲ್ಲ, ಬೇಡವೆನ್ನಲಿಲ್ಲ. ಸಂಜೆ ನನಗೆ ದೂರವಾಣಿ ಮಾಡಿದರು: "ತಮ್ಮಾ, ಅವರ ತೂಬು ಎಲ್ಲೈತಿ ನೋಡಿ ಹೇಳು."

ನಾನು ಮೂರು ವರ್ಷದ ಅಢಾವೆ ಪತ್ರಿಕೆಗಳನ್ನು ತರಿಸಿಕೊಂಡು ಕುಳಿತೆ. ಚಾಲ್ತಿ ಅನುಪಾತ ಮೂರು ವರ್ಷವೂ 1.4ರ ಆಸುಪಾಸಿನಲ್ಲಿ ನೆಟ್ಟಗೆ ನಿಂತಿತ್ತು. ಆದರೆ ದಾಸ್ತಾನನ್ನು ಕಳೆದು ನೋಡಿದರೆ ಮೊದಲ ವರ್ಷ 0.8, ಎರಡನೆಯ ವರ್ಷ 0.6, ಮೂರನೆಯ ವರ್ಷ 0.4. ಗೋದಾಮು ತುಂಬುತ್ತ ಹೋಗಿತ್ತು. ಪೆಟ್ಟಿಗೆ ಬರಿದಾಗುತ್ತ ಬಂದಿತ್ತು. ಗಿರಣಿ ಬೀಳುತ್ತದೆಂದು ಇದರಿಂದ ಹೇಳಲಾಗದು. ಅದು ಇಂದಿಗೂ ನಡೆಯುತ್ತಿದೆ. ಎರಡು ತಿಂಗಳಿಗೆ ಹಣ ಕೊಡುವುದು ಅವರಿಗೆ ಕಷ್ಟವಾದೀತೆಂದಷ್ಟೇ ಕಾಕಾನಿಗೆ ತಿಳಿಸಿದೆ.

ಕಾಕಾ ಹತ್ತಿಯನ್ನು ಅಂಗಳಕ್ಕೆ ಒಯ್ದು, ನೂರು ರೂಪಾಯಿ ಕಡಿಮೆಗೇ ಮಾರಿ, ಹಣವನ್ನು ಎಣಿಸಿಕೊಂಡು ಬಂದರು. ಮರುದಿನವೇ ಚಿಕ್ಕಮ್ಮನ ಬಳೆಗಳಲ್ಲಿ ಇನ್ನೂ ಒತ್ತೆಯಲ್ಲಿ ಉಳಿದಿದ್ದ ಎರಡನ್ನು ಬಿಡಿಸಿ ತಂದರು.

ಆ ವಾರ ನಾನು ಮಾಗಡಿಗೆ ಹೋಗಿದ್ದೆ. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ಹೆಬ್ಬಾತುಗಳ ಒಂದು ಹಿಂಡು ಬಂದು, ಒಡನೆಯೇ ಇಳಿಯದೆ, ಕೆರೆಯ ಮೇಲೆ ಎರಡು ಸುತ್ತು ಸುತ್ತಿತು. ಕಾಕಾ ಕೈಯನ್ನು ಹಣೆಗೆ ಅಡ್ಡವಿಟ್ಟು ನೋಡುತ್ತಿದ್ದರು.

"ಅಷ್ಟು ದೂರದಿಂದ ಬಂದಾವ. ಆದರೂ ನೋಡು, ನೀರು ಎಷ್ಟೈತಿ ಅಂತ ನೋಡಿದ ಮ್ಯಾಲನ ಇಳೀತಾವ" ಎಂದರು.